ಇನ್ಸುಲಿನ್ ಸೂಜಿಯಲ್ಲೇ ಏಕೆ?

ಗಲ್ಫ್‌ನಲ್ಲಿ ದುಡಿಯುವ ನಮ್ಮ ನಡುವೆ ಸಕ್ಕರೆ ಕಾಯಿಲೆ ಅಪರೂಪವಲ್ಲ. ಡಾಕ್ಟರು ಇನ್ಸುಲಿನ್ ಬರೆದುಕೊಟ್ಟರೆ ನಾವು ಮೊದಲು ಕೇಳುವುದು, ಮಾತ್ರೆಯಲ್ಲೇ ಆಗುವುದಿಲ್ಲವೇ ಎಂದು. ಉತ್ತರ ಆ ಔಷಧದ ನೂರು ವರ್ಷಗಳ ಚರಿತ್ರೆಯಲ್ಲಿದೆ.

ಅದಕ್ಕೂ ಮೊದಲು ಈ ಕಾಯಿಲೆ ಬಂದ ಮಕ್ಕಳಿಗೆ ಊಟ ಕಡಿತ ಮಾಡಿ ಆಯುಸ್ಸನ್ನು ಸ್ವಲ್ಪ ಎಳೆಯುವುದೊಂದೇ ದಾರಿಯಾಗಿತ್ತು. 1921ರಲ್ಲಿ ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದಲ್ಲಿ, ಮ್ಯಾಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ, ಬ್ಯಾಂಟಿಂಗ್ ಮತ್ತು ಬೆಸ್ಟ್ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಸಾರ ತೆಗೆದರು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಅದನ್ನು ಚುಚ್ಚಿದರು. ಫಲ ಸಾಲಲಿಲ್ಲ. ಕಾಲಿಪ್ ಸಾರವನ್ನು ಶುದ್ಧಗೊಳಿಸಿದ ಮೇಲೆ ಜನವರಿ 23ರಂದು ಮತ್ತೆ ಕೊಟ್ಟಾಗ ರಕ್ತದ ಸಕ್ಕರೆ ಇಳಿಯಿತು. ಹುಡುಗ ಇನ್ನೂ 13 ವರ್ಷ ಬದುಕಿದ. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು.

ಆ ಸಾರದಲ್ಲಿ ಇದ್ದದ್ದೇನು? ಕೇಂಬ್ರಿಡ್ಜ್‌ನ ಫ್ರೆಡರಿಕ್ ಸ್ಯಾಂಗರ್ 1950ರ ದಶಕದಲ್ಲಿ ಅದನ್ನು ಬಿಡಿಸಿ ತೋರಿಸಿದರು: 21 ಮತ್ತು 30 ಅಮೈನೋ ಆಮ್ಲಗಳ ಎರಡು ಸರಗಳು, ಗಂಧಕದ ಕೊಂಡಿಗಳಿಂದ ಕೂಡಿಕೊಂಡಿವೆ. ಇಂಥ ಸರಕ್ಕೆ ಪೆಪ್ಟೈಡ್ ಎಂದು ಹೆಸರು. 1958ರಲ್ಲಿ ಸ್ಯಾಂಗರ್‌ಗೆ ನೊಬೆಲ್ ಬಂತು.

ಸರದ ಮಣಿಗಳ ಕ್ರಮವೇ ಅದರ ಆಕಾರ, ಆಕಾರವೇ ಅದರ ಶಕ್ತಿ. ಇನ್ಸುಲಿನ್ ಜೀವಕೋಶದ ಹೊರಗೋಡೆಯ ಗ್ರಾಹಕದಲ್ಲಿ ಬೀಗದ ಕೀಲಿಯಂತೆ ಕೂರುತ್ತದೆ. ಆ ಸೂಚನೆ ಸಿಕ್ಕೊಡನೆ ಸ್ನಾಯುಗಳ ಕೋಶದೊಳಗಿನ ಸಕ್ಕರೆಯ ಬಾಗಿಲುಗಳು ಹೊರಗೋಡೆಗೆ ಬಂದು ರಕ್ತದ ಸಕ್ಕರೆಯನ್ನು ಒಳಗೆಳೆಯುತ್ತವೆ. ಆದರೆ ನುಂಗಿದರೆ ಹೊಟ್ಟೆಗೆ ಅದು ಬೇಳೆ, ಮೀನಿನ ಪ್ರೋಟೀನಿನಂತೆ ಬರೀ ಆಹಾರ. ಜೀರ್ಣರಸಗಳು ಸರವನ್ನು ಕತ್ತರಿಸಿಬಿಡುತ್ತವೆ. ಅದಕ್ಕೇ ಸೂಜಿ.

ಮೊದಲು ದನ ಮತ್ತು ಹಂದಿಯ ಗ್ರಂಥಿಗಳಿಂದ ಇನ್ಸುಲಿನ್ ತೆಗೆಯುತ್ತಿದ್ದರು. ಬ್ಯಾಕ್ಟೀರಿಯಾದಲ್ಲಿ ಮನುಷ್ಯರ ಇನ್ಸುಲಿನ್ನನ್ನೇ ಬೆಳೆಸಿದ ಔಷಧಕ್ಕೆ 1982ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು.

ಸರದ ಆಕಾರ ಬಿಸಿಗೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಇಲ್ಲಿನ ಬೇಸಿಗೆಯಲ್ಲಿ ನಿಲ್ಲಿಸಿದ ಗಾಡಿಯೊಳಗೆ ಇನ್ಸುಲಿನ್ ಬಿಡಬಾರದು. ಒಡೆಯದ ಬಾಟಲಿ 2ರಿಂದ 8 ಡಿಗ್ರಿಯ ಫ್ರಿಜ್‌ನಲ್ಲಿರಲಿ, ಫ್ರೀಜರ್‌ನಲ್ಲಿ ಬೇಡ. ರಜೆಗೆ ಊರಿಗೆ ಹೊರಟಾಗ ಲಗೇಜಿಗೆ ಹಾಕದೆ ಕೈಚೀಲದಲ್ಲೇ ಒಯ್ಯೋಣ. ಕೆಟ್ಟ ಇನ್ಸುಲಿನ್ ನೋಡಲು ಒಳ್ಳೆಯದರಂತೆಯೇ ಇರಬಹುದು. ಚುಚ್ಚಿಕೊಂಡರೂ ಸಕ್ಕರೆ ಇಳಿಯದು. ಸೂಜಿಗೆ ಹೆದರಿಯೋ ಖರ್ಚಿಗೆ ಅಂಜಿಯೋ ನಾವೇ ಡೋಸ್ ಬಿಡುವುದೂ ಬೇಡ. ಆ ಹುಡುಗನಿಗೆ ಸಿಕ್ಕ ವರ್ಷಗಳು ಅದೇ ಸೂಜಿಯಿಂದ ಬಂದವು.