ಗುಡ್ಡ ಹತ್ತಿದ ನೀರಿನ ಲೆಕ್ಕ

ಕಾಲುವೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅಣೆಕಟ್ಟೆಯಿಂದ ಗದ್ದೆಗೆ ಇಳಿದು ಬರುವ ನಾಲೆ. ಅಲ್ಲಿ ಎಲ್ಲ ಕೆಲಸವನ್ನೂ ಗುರುತ್ವವೇ ಮಾಡುತ್ತದೆ. ಆದರೆ ಸರಕಿನ ದೋಣಿಗಳಿಗಾಗಿ ತೋಡಿದ ಕಾಲುವೆಗೆ ನಡುವೆ ಗುಡ್ಡ ಅಡ್ಡ ಬಂದರೆ? ದೋಣಿಯೊಡನೆ ನೀರೂ ಗುಡ್ಡ ಹತ್ತಬೇಕಾಗುತ್ತದೆ. ದಕ್ಷಿಣ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಹಾದುಹೋಗುವ ಕೆನೆಟ್–ಏವನ್ ಕಾಲುವೆಯ ಏಳುಬೀಳುಗಳನ್ನು ಅರಿಯಲು ಈ ಸಂಗತಿಯಿಂದಲೇ ಆರಂಭಿಸಬೇಕು.

ರೆಡಿಂಗ್‌ನಿಂದ ನ್ಯೂಬರಿವರೆಗೆ ಕೆನೆಟ್ ನದಿಯನ್ನು 1723ರಲ್ಲಿ, ಬಾತ್‌ನಿಂದ ಬ್ರಿಸ್ಟಲ್‌ವರೆಗೆ ಏವನ್ ನದಿಯನ್ನು 1727ರಲ್ಲಿ ದೋಣಿ ಸಂಚಾರಕ್ಕೆ ಅಣಿಗೊಳಿಸಲಾಗಿತ್ತು. ನಡುವಿನ ಸುಮಾರು 92 ಕಿ.ಮೀ. ಜೋಡಿಸಿದರೆ ಲಂಡನ್–ಬ್ರಿಸ್ಟಲ್ ಜಲಮಾರ್ಗ ಸಿದ್ಧ. ಇದಕ್ಕೆ 1794ರಲ್ಲಿ ಪಾರ್ಲಿಮೆಂಟಿನ ಒಪ್ಪಿಗೆ ದೊರೆಯಿತು. ಎಂಜಿನಿಯರ್ ಜಾನ್ ರೆನಿಯ ನೇತೃತ್ವದಲ್ಲಿ 1810ರ ಕೊನೆಗೆ ಕೆಲಸ ಮುಗಿಯಿತು. ಕೆಟ್ಟ ರಸ್ತೆಯಲ್ಲಿ ಒಂದು ಟನ್ ಎಳೆಯಲು ಏದುಸಿರು ಬಿಡುವ ಕುದುರೆ, ದಡದ ಮೇಲೆ ನಡೆಯುತ್ತಾ ಹಗ್ಗ ಕಟ್ಟಿದ ದೋಣಿಯಲ್ಲಿ 30 ಟನ್ ಎಳೆಯಬಲ್ಲದು. ನಿಧಾನವಾಗಿ ಸಾಗುವ ದೋಣಿಗೆ ನೀರು ಒಡ್ಡುವ ರೋಧ ಅಷ್ಟು ಕಡಿಮೆ.

ಈಗ ಗುಡ್ಡಕ್ಕೆ ಬರೋಣ. ಏರುವ ಕಡೆಯಲ್ಲೆಲ್ಲ ‘ಲಾಕ್’ಗಳಿವೆ. ಲಾಕ್ ಎಂದರೆ ಎರಡೂ ತುದಿಗೆ ಬಾಗಿಲುಳ್ಳ ನೀರಿನ ಕೋಣೆ. ದೋಣಿಯನ್ನು ಒಳಗೆ ಬಿಟ್ಟು, ಕೆಳಬಾಗಿಲು ಮುಚ್ಚಿ, ಮೇಲಿನ ನೀರನ್ನು ಹರಿಸಿದರೆ ದೋಣಿ ತಾನಾಗಿ ಮೇಲೇರುತ್ತದೆ. ಡಿವೈಸಸ್ ಊರಿನ ಬಳಿ 29 ಲಾಕ್‌ಗಳು ಸುಮಾರು 3.2 ಕಿ.ಮೀ. ಅಂತರದಲ್ಲಿ ದೋಣಿಯನ್ನು 72 ಮೀಟರ್ ಏರಿಸುತ್ತವೆ. ಅವುಗಳಲ್ಲಿ ಕೇನ್ ಹಿಲ್‌ನ 16 ಲಾಕ್‌ಗಳು ಮೆಟ್ಟಿಲಿನಂತೆ ಒಂದೇ ಸಾಲಿನಲ್ಲಿವೆ. ಆದರೆ ಒಂದು ದೋಣಿ ಗುಡ್ಡ ದಾಟಿದಾಗಲೆಲ್ಲ ನೆತ್ತಿಯ ಭಾಗದಿಂದ ಎರಡು ಕೋಣೆಗಳಷ್ಟು ನೀರು ಇಳಿದುಹೋಗುತ್ತದೆ: ಹತ್ತುವಾಗ ಒಂದು, ಇಳಿಯುವಾಗ ಇನ್ನೊಂದು. ಕೋಣೆಯೊಂದಕ್ಕೆ ಸುಮಾರು 2.4 ಲಕ್ಷ ಲೀಟರ್ ಎಂದು ಹಿಡಿಯಿರಿ.

ಉದ್ದದ ಸುರಂಗ ಕೊರೆದು ಕಾಲುವೆಯನ್ನು ತಗ್ಗಿನಲ್ಲೇ ಒಯ್ಯುವ ಯೋಜನೆ ಮೊದಲು ಇತ್ತು. ಅದಕ್ಕೆ ಖರ್ಚು ಹೆಚ್ಚೆಂದು ವಿಲಿಯಂ ಜೆಸ್ಸಪ್ ನೀಡಿದ ಸಲಹೆಯಂತೆ ನೆತ್ತಿಯ ಮಟ್ಟವನ್ನೇ ಎತ್ತರಿಸಿ, ಸುರಂಗವನ್ನು 459 ಮೀಟರಿಗೆ ಇಳಿಸಲಾಯಿತು. ಕಟ್ಟುವಾಗ ಉಳಿದ ಹಣವನ್ನು ನೀರೆತ್ತುವ ಇಂಧನದ ರೂಪದಲ್ಲಿ ಮುಂದೆ ಪ್ರತಿ ವರ್ಷವೂ ತೆರಬೇಕಾಯಿತು! ಕ್ರಾಫ್ಟನ್‌ನಲ್ಲಿ ನೀರನ್ನು 12 ಮೀಟರ್ ಎತ್ತಲು ಉಗಿಯಂತ್ರಗಳು ಬಂದವು. ಅವುಗಳಲ್ಲಿ ಬೌಲ್ಟನ್–ವಾಟ್ ಕಂಪನಿಯ 1812ರ ಯಂತ್ರವೂ ಒಂದು. ಒಂದು ದೋಣಿಗೆ ಬೇಕಾದ 4.8 ಲಕ್ಷ ಲೀಟರ್ ನೀರನ್ನು ಎತ್ತಲು (mgh) ಸುಮಾರು 5.6 ಕೋಟಿ ಜೂಲ್ ಬೇಕು. ಅಂದಿನ ಯಂತ್ರದ ದಕ್ಷತೆ ಶೇಕಡ 3 ಎಂದಿಟ್ಟುಕೊಂಡರೆ, ಇದಕ್ಕೆ ಸುಮಾರು 65 ಕಿ.ಗ್ರಾಂ. ಕಲ್ಲಿದ್ದಲು! ಬಾತ್ ಸಮೀಪದ ಕ್ಲಾವರ್ಟನ್‌ನಲ್ಲಿ ರೆನಿ ಇನ್ನೂ ಜಾಣತನ ತೋರಿದ. ಅಲ್ಲಿ ಏವನ್ ನದಿಯ ಹರಿವಿನಿಂದಲೇ ತಿರುಗುವ ಚಕ್ರವು 1813ರಿಂದ ಗಂಟೆಗೆ ಸುಮಾರು 4.5 ಲಕ್ಷ ಲೀಟರ್ ನೀರನ್ನು 14.6 ಮೀಟರ್ ಎತ್ತುತ್ತಿತ್ತು. ಅಂದರೆ 18 ಕಿಲೋವಾಟ್, ಇಂಧನದ ಖರ್ಚಿಲ್ಲದೆ.

ಲಂಡನ್–ಬ್ರಿಸ್ಟಲ್ ರೈಲುಮಾರ್ಗ 1841ರಲ್ಲಿ ಪೂರ್ಣಗೊಂಡಿತು. ಅದನ್ನು ಕಟ್ಟಲು ಬೇಕಾದ ಸಾಮಗ್ರಿ ಸಾಗಿಸಿದ್ದು ಇದೇ ಕಾಲುವೆ! 1852ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯೇ ಕಾಲುವೆಯನ್ನು ಕೊಂಡುಕೊಂಡಿತು. ಕಾಲುವೆಯನ್ನು ಸಂಚಾರಯೋಗ್ಯವಾಗಿ ಇಡುವ ಹೊಣೆ ಕಾನೂನಿನಂತೆ ಅದರ ಮೇಲಿತ್ತು. ಆದರೆ ಪ್ರತಿಸ್ಪರ್ಧಿಯ ಕೈಗೆ ಸಿಕ್ಕ ದಾರಿಯ ಹೂಳನ್ನು ಯಾರು ತೆಗೆದಾರು? ರೈಲಿನ ವೇಗಕ್ಕೆ ಕಾಲುವೆ ಸೋತದ್ದು ನಿಜ. ಆದರೆ ಅದು ಹಾಳಾದದ್ದು ಆರೈಕೆಯಿಲ್ಲದೆ ಎಂಬುದು ನನ್ನ ಅಭಿಪ್ರಾಯ. ಇಂಥ ಕಾಲುವೆಯ ಒಳಮೈಗೆ ಹದವಾಗಿ ತುಳಿದ ಜೇಡಿಮಣ್ಣನ್ನು ಮೆತ್ತಿರುತ್ತಾರೆ. ಅದು ಒದ್ದೆಯಾಗಿರುವವರೆಗೆ ನೀರು ಸೋರದು. ಒಣಗಿತೋ, ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಡುತ್ತದೆ. ಒಮ್ಮೆ ನೀರು ಇಳಿದರೆ ಮತ್ತೆ ತುಂಬಿದ ನೀರೂ ನಿಲ್ಲುವುದಿಲ್ಲ.

ಕಾಲುವೆ 1948ರಲ್ಲಿ ರಾಷ್ಟ್ರೀಕರಣಗೊಂಡರೂ ದುಸ್ಥಿತಿ ತಪ್ಪಲಿಲ್ಲ. ಕೆಲವು ಭಾಗಗಳು ಮುಚ್ಚಿದವು. ಕ್ಲಾವರ್ಟನ್ ಚಕ್ರ 1952ರಲ್ಲಿ ನಿಂತಿತು. ನಿರ್ವಹಣೆಯ ಕಾನೂನು ಹೊಣೆಯನ್ನೇ ತೆಗೆದುಹಾಕುವ ಪ್ರಯತ್ನ ನಡೆದಾಗ ಜನ ಎದ್ದರು. 20 ಸಾವಿರಕ್ಕೂ ಹೆಚ್ಚು ಸಹಿಗಳ ಮನವಿ 1956ರಲ್ಲಿ ಲಂಡನ್ ತಲುಪಿತು. 1962ರಲ್ಲಿ ಕಾಲುವೆಯ ಟ್ರಸ್ಟ್ ರೂಪುಗೊಂಡಿತು. ಸ್ವಯಂಸೇವಕರು ಹೂಳೆತ್ತಿದರು, ಲಾಕ್‌ಗಳನ್ನು ದುರಸ್ತಿ ಮಾಡಿದರು. ಸೋರುವ ಕಡೆ ಜೇಡಿಮಣ್ಣಿನ ಬದಲು ಕಾಂಕ್ರೀಟ್ ಬಂತು. ಕ್ರಾಫ್ಟನ್‌ನ ಉಗಿಯಂತ್ರ 1970ರಲ್ಲಿ ಮತ್ತೆ ಚಾಲನೆಗೊಂಡಿತು. ಕ್ಲಾವರ್ಟನ್ ಚಕ್ರ 1976ರಲ್ಲಿ ಮತ್ತೆ ತಿರುಗಿತು; ಅದರ ದುರಸ್ತಿಯಲ್ಲಿ ಬಾತ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ದುಡಿದಿದ್ದರು. 1990ರ ಆಗಸ್ಟ್ 8ರಂದು ರಾಣಿ ಎರಡನೆಯ ಎಲಿಜಬೆತ್ ಕಾಲುವೆಯನ್ನು ಪುನಃ ಉದ್ಘಾಟಿಸಿದರು.

ಹಳೆಯ ಲೆಕ್ಕ ಮಾತ್ರ ಬಾಕಿಯಿತ್ತು. ದೋಣಿಗಳು ಹೆಚ್ಚಿದಂತೆ ನೀರು ಸಾಲಲಿಲ್ಲ. 1996ರಲ್ಲಿ ಕೇನ್ ಹಿಲ್‌ನ ಬುಡದಿಂದ ಮೇಲಕ್ಕೆ ದಿನಕ್ಕೆ 3.2 ಕೋಟಿ ಲೀಟರ್ ನೀರೆತ್ತಬಲ್ಲ ಪಂಪುಗಳನ್ನು ಅಳವಡಿಸಲಾಯಿತು. ತರಗತಿಯಲ್ಲಿ ಈ ಲೆಕ್ಕ ಮಾಡಿಸಿ ನೋಡಿ: ಸೆಕೆಂಡಿಗೆ 370 ಕಿ.ಗ್ರಾಂ. ನೀರು, 72 ಮೀಟರ್ ಎತ್ತರ, g ಬೆಲೆ 9.8. ಉತ್ತರ ಸುಮಾರು 260 ಕಿಲೋವಾಟ್. ಮೋಟಾರು ಮತ್ತು ಕೊಳವೆಗಳಲ್ಲಿ ಆಗುವ ನಷ್ಟ ಇದರಲ್ಲಿ ಸೇರಿಲ್ಲ.