ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇನ್‌ಸ್ಟಾಲ್ ಆಗದೆ ನಿಂತಿದೆಯೇ? ಫಾರ್ಮ್ಯಾಟ್ ಮಾಡುವ ಮುನ್ನ ಇದನ್ನು ಓದಿ

ಬೈಕುಲ್ಲಾ (ಮುಂಬೈ): ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೀಗಾಗಿ ಹಳೆಯ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಲು ಹಲವರು ಮುಂದಾಗುತ್ತಿದ್ದಾರೆ. ಇನ್‌ಸ್ಟಾಲೇಶನ್ ನಡುವೆ ಕೈಕೊಟ್ಟರೆ ಮೊದಲು ಸಿಗುವ ಸಲಹೆಯೇ 'ಫಾರ್ಮ್ಯಾಟ್ ಮಾಡಿ'. ಆದರೆ ಪಾರ್ಟಿಷನ್ ಅಳಿಸದೇ ಇದ್ದರೆ ಫೋಟೋ, ದಾಖಲೆಗಳು ಸಾಮಾನ್ಯವಾಗಿ ಡಿಸ್ಕ್‌ನಲ್ಲೇ ಇರುತ್ತವೆ. ಅವು ಹೋಗುವುದು ಆಮೇಲಿನ ಆತುರದಿಂದ.

ಮೊದಲು ಡೇಟಾ ಉಳಿಸಿಕೊಳ್ಳಿ

ಅಪ್‌ಗ್ರೇಡ್ ವಿಫಲವಾದರೆ ವಿಂಡೋಸ್ ಹೆಚ್ಚಾಗಿ ತಾನಾಗಿಯೇ ಹಳೆಯ ಆವೃತ್ತಿಗೆ ಮರಳುತ್ತದೆ. ಚಾರ್ಜರ್ ತೆಗೆಯದೆ, ಪವರ್ ಬಟನ್ ಒತ್ತದೆ ಕಾಯಿರಿ. ಆದರೂ ಲ್ಯಾಪ್‌ಟಾಪ್ ಆನ್ ಆಗದಿದ್ದರೆ ಬೇರೆ ಕಂಪ್ಯೂಟರ್‌ನಲ್ಲಿ ಉಬುಂಟು ಪೆನ್‌ಡ್ರೈವ್ ತಯಾರಿಸಿ. ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ 'ಟ್ರೈ ಉಬುಂಟು' ಆಯ್ಕೆ ಒತ್ತಿದರೆ ಫೈಲ್‌ಗಳನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಬಹುದು.

ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇರುತ್ತದೆ. ಅದನ್ನು ತೆರೆಯಲು 48 ಅಂಕಿಗಳ ರಿಕವರಿ ಕೀ ಬೇಕು. ಸಾಮಾನ್ಯವಾಗಿ ಇದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಬಯೋಸ್ ಸೆಟ್ಟಿಂಗ್ ಮುಟ್ಟುವ ಮೊದಲೇ ಬರೆದಿಟ್ಟುಕೊಳ್ಳಿ. ಕೀ ಇಲ್ಲದಿದ್ದರೆ ಡೇಟಾ ತೆಗೆಯಲು ದಾರಿಯಿಲ್ಲ.

ಪರದೆ ಏನು ಹೇಳುತ್ತಿದೆ?

* ಈ ಪಿಸಿಯಲ್ಲಿ ವಿಂಡೋಸ್ 11 ನಡೆಯದು ಎಂಬ ಸಂದೇಶ: 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಸೌಲಭ್ಯ ಕಡ್ಡಾಯ. ಇಂಟೆಲ್ ಆದರೆ ಬಹುತೇಕ 8ನೇ ತಲೆಮಾರು ಅಥವಾ ನಂತರದ ಪ್ರೊಸೆಸರ್ ಬೇಕು. ಟಿಪಿಎಂ ಇದ್ದೂ ಬಯೋಸ್‌ನಲ್ಲಿ ಆಫ್ ಆಗಿರಬಹುದು. ಇಂಟೆಲ್‌ನಲ್ಲಿ 'ಪಿಟಿಟಿ', ಎಎಂಡಿಯಲ್ಲಿ 'ಎಫ್‌ಟಿಪಿಎಂ' ಹೆಸರಿನಲ್ಲಿ ಹುಡುಕಿ ಆನ್ ಮಾಡಿ. 'ಕ್ಲಿಯರ್ ಟಿಪಿಎಂ' ಮಾತ್ರ ಒತ್ತಬೇಡಿ.
* 80070070 ಅಂಕಿಯ ಕೋಡ್: ಡಿಸ್ಕ್‌ನಲ್ಲಿ ಜಾಗ ಸಾಲುತ್ತಿಲ್ಲ.
* 1900101 ಅಂಕಿಯ ಕೋಡ್: ಸಾಮಾನ್ಯವಾಗಿ ಡ್ರೈವರ್ ತೊಂದರೆ. ಪ್ರಿಂಟರ್, ಡಾಂಗಲ್ ಕಳಚಿ, ಡ್ರೈವರ್‌ಗಳನ್ನು ಅಪ್‌ಡೇಟ್ ಮಾಡಿ ಮತ್ತೆ ಪ್ರಯತ್ನಿಸಿ.
* ಡಿಸ್ಕ್ ಕಾಣುತ್ತಿಲ್ಲ: ಡಿಸ್ಕ್ ಹಾಳಾಗಿದೆ ಎಂದು ತೀರ್ಮಾನಿಸಬೇಡಿ. ಇಂಟೆಲ್ 11ನೇ ತಲೆಮಾರು ಮತ್ತು ನಂತರದ ಕೆಲವು ಲ್ಯಾಪ್‌ಟಾಪ್‌ಗಳಿಗೆ ಪ್ರತ್ಯೇಕ ಸ್ಟೋರೇಜ್ ಡ್ರೈವರ್ ಬೇಕು. ಲ್ಯಾಪ್‌ಟಾಪ್ ಕಂಪನಿಯ ಸೈಟ್‌ನಿಂದ 'ಇಂಟೆಲ್ ರ‍್ಯಾಪಿಡ್ ಸ್ಟೋರೇಜ್' ಡ್ರೈವರ್ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿ, 'ಲೋಡ್ ಡ್ರೈವರ್' ಒತ್ತಿ.
* ಎಂಬಿಆರ್–ಜಿಪಿಟಿ ತಕರಾರು: ಡಿಸ್ಕ್ ಹಳೆಯ ಎಂಬಿಆರ್ ಮಾದರಿಯಲ್ಲಿದೆ ಎಂದರ್ಥ. ವಿಂಡೋಸ್‌ನಲ್ಲೇ ಇರುವ 'ಎಂಬಿಆರ್2ಜಿಪಿಟಿ' ಡೇಟಾ ಅಳಿಸದೆ ಇದನ್ನು ಬದಲಿಸುತ್ತದೆ. ಆದರೂ ಬ್ಯಾಕಪ್ ಇರಲಿ. 'ಕ್ಲೀನ್' ಆಜ್ಞೆ ಕೊಟ್ಟರೆ ಇಡೀ ಡಿಸ್ಕ್ ಖಾಲಿ.

ಪೆನ್‌ಡ್ರೈವ್ ಕೂಡ ಕಾರಣವಿರಬಹುದು

ಮೈಕ್ರೋಸಾಫ್ಟ್‌ನ 'ಮೀಡಿಯಾ ಕ್ರಿಯೇಷನ್ ಟೂಲ್' ಬಳಸಿ, ಕನಿಷ್ಠ 8 ಜಿಬಿಯ ಪೆನ್‌ಡ್ರೈವ್‌ನಲ್ಲಿ ಹೊಸದಾಗಿ ಇನ್‌ಸ್ಟಾಲರ್ ಮಾಡಿಕೊಳ್ಳಿ. ಅದರಲ್ಲಿದ್ದ ಹಳೆಯ ಫೈಲ್‌ಗಳು ಅಳಿಸಿಹೋಗುತ್ತವೆ. ಬೂಟ್ ಮೆನುಗೆ ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್ ಕೀ ಒತ್ತಬೇಕು.

ಅಂಗಡಿಗೆ ಒಯ್ಯುವುದಾದರೆ

ಬೈಕುಲ್ಲಾದವರಿಗೆ ಗ್ರಾಂಟ್ ರೋಡ್ ಬಳಿಯ ಲ್ಯಾಮಿಂಗ್ಟನ್ ರಸ್ತೆಯ ಕಂಪ್ಯೂಟರ್ ಮಾರುಕಟ್ಟೆ ಹತ್ತಿರ. ಬೆಂಗಳೂರಿಗರಿಗೆ ಎಸ್‌ಪಿ ರಸ್ತೆ ಇದೆ. ಎಲ್ಲೇ ಕೊಟ್ಟರೂ 'ಕೇಳದೆ ಫಾರ್ಮ್ಯಾಟ್ ಮಾಡಬಾರದು' ಎಂದು ರಸೀದಿಯಲ್ಲೇ ಬರೆಸಿ. ಎರರ್ ಪರದೆಯ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಂಡಿದ್ದರೆ ದೋಷ ಹುಡುಕುವುದು ಸುಲಭ.

ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಅರ್ಹವೇ ಅಲ್ಲದಿದ್ದರೂ ಅದನ್ನು ಗುಜರಿಗೆ ಹಾಕಬೇಕಿಲ್ಲ. ಇಂಟರ್ನೆಟ್, ಪತ್ರ ಟೈಪಿಂಗ್, ಆನ್‌ಲೈನ್ ಕ್ಲಾಸ್‌ಗಳಿಗೆ ಉಚಿತ ಉಬುಂಟು ಸಾಕಾಗುತ್ತದೆ. ಅದನ್ನು ಹಾಕುವ ಮುನ್ನವೂ ಡೇಟಾ ಬ್ಯಾಕಪ್ ಆಗಿರಲಿ.