ವಿಜಯನಗರದ ಹೆಬ್ಬಾಗಿಲು

ಕೋಟೆಯೂರುಗಳನ್ನು ನೋಡಲು ಹೋಗುವವರು ಸಾಮಾನ್ಯವಾಗಿ ಗುಡಿಗೋಪುರಗಳನ್ನೂ ಅರಮನೆಯ ನಿವೇಶನಗಳನ್ನೂ ಅರಸಿಕೊಂಡು ನಡೆಯುವರು. ಹೆಬ್ಬಾಗಿಲನ್ನು ಹಾದುಹೋಗುವರೇ ಹೊರತು ಅದರ ಮುಂದೆ ನಿಂತು ನೋಡುವವರು ವಿರಳ. ಆದರೆ ಒಂದು ರಾಜ್ಯವು ಯಾರಿಗೆ ಅಂಜಿತು, ಯಾರ ದುಡಿಮೆಯಿಂದ ಬದುಕಿತು, ತನ್ನ ಮರ್ಯಾದೆಗೆ ಎಷ್ಟು ಬೆಲೆ ತೆತ್ತಿತು ಎಂಬುದನ್ನು ತಿಳಿಯಬೇಕಾದರೆ ಹೆಬ್ಬಾಗಿಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಹಾವೇರಿ ಮತ್ತು ರಾಣೆಬೆನ್ನೂರುಗಳ ನಡುವೆ, ಬ್ಯಾಡಗಿಗೆ ಸಮೀಪದಲ್ಲಿ ಮೋಟೆಬೆನ್ನೂರು ಎಂಬ ಊರುಂಟು. ಅಲ್ಲಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ನಡೆದರೆ ಹಾವೇರಿಯ ಆಚೆಗೆ ಬಂಕಾಪುರದ ಕೋಟೆ. ಈಶಾನ್ಯಕ್ಕೆ ಹೊರಟು ತುಂಗಭದ್ರೆಯನ್ನು ದಾಟಿದರೆ ಹೊಸಪೇಟೆ, ಕಮಲಾಪುರ, ಹಂಪೆ. ಮೊದಲನೆಯದು ಗಡಿಯ ಕೋಟೆ, ಎರಡನೆಯದು ರಾಜಧಾನಿ. ಇವೆರಡರ ಭಾಗ್ಯವೂ ಒಂದಕ್ಕೊಂದು ಹೆಣೆದುಕೊಂಡಿದ್ದಿತು.

ಕಮಲಾಪುರದ ಬಳಿ ಗಾಣಗಿತ್ತಿ ದೇವಾಲಯವೆಂದು ಜನರು ಕರೆಯುವ ಜಿನಾಲಯವಿದೆ. ಎರಡನೆಯ ಹರಿಹರನ ಕಾಲದಲ್ಲಿ, ದಂಡನಾಯಕ ಇರುಗಪ್ಪನು ಅದನ್ನು ಕಟ್ಟಿಸಿದನೆಂದು ಅದರ ಮುಂದಿನ ದೀಪಸ್ತಂಭದ ಶಾಸನದಿಂದ ತಿಳಿದುಬರುತ್ತದೆ. ಅಲ್ಲಿಂದ ಮೂಡಲಿಗೆ ಸ್ವಲ್ಪ ದೂರದಲ್ಲಿಯೇ ಭೀಮನ ಬಾಗಿಲು. ಒಳಗಿರುವ ಭೀಮಸೇನನ ಶಿಲ್ಪದಿಂದ ಈ ಹೆಸರು ಬಂದಿದೆ. ಭಾರತದ ಕಥೆಯನ್ನು ಕೇಳಿ ಬೆಳೆದ ಕನ್ನಡಿಗರಿಗೆ ಕಾವಲಿಗೆ ಭೀಮನಿಗಿಂತ ತಕ್ಕವನು ಬೇರೆ ಯಾರು?

ಈ ಬಾಗಿಲಿಗೆ ನೇರವಾದ ದಾರಿಯಿಲ್ಲ. ಒಳಹೊಕ್ಕವನು ಗೋಡೆಗೆ ಎದುರಾಗಿ, ಪಕ್ಕಕ್ಕೆ ತಿರುಗಿ ನಡೆಯಬೇಕು. ಬಾಗಿಲು ಒಡೆಯಲು ಬರುವ ಆನೆಗೆ ದೂರದಿಂದ ಓಡಿಬಂದು ನುಗ್ಗಲು ಇಲ್ಲಿ ಅವಕಾಶವೇ ಇಲ್ಲ; ತಿರುವಿನಲ್ಲಿ ನಿಂತ ಶತ್ರುವಾದರೋ ಮೇಲಿನ ಕಾವಲುಗಾರರ ಬಾಣಕ್ಕೆ ತನ್ನ ಮಗ್ಗುಲನ್ನು ಒಡ್ಡುವನು. ಗೋಡೆಯ ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಒತ್ತಾಗಿ ಕೂಡಿಸಿ, ಹಿಂದೆ ಮಣ್ಣನ್ನೂ ಜಲ್ಲಿಯನ್ನೂ ತುಂಬಿರುವರು. 1443ರಲ್ಲಿ ಇಲ್ಲಿಗೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಒಂದರೊಳಗೊಂದು ಏಳು ಸುತ್ತಿನ ಕೋಟೆಯನ್ನು ಕಂಡುದಾಗಿ ಬರೆದಿರುವನು. ಹೊರಗೋಡೆಯ ಮುಂದಿನ ಬಯಲಿನಲ್ಲಿ ಆಳೆತ್ತರದ ಕಲ್ಲುಗಳನ್ನು ನೆಟ್ಟು, ಕುದುರೆಯ ದಂಡು ಹತ್ತಿರ ಸುಳಿಯದಂತೆ ಮಾಡಿದ್ದರೆಂದೂ ಆತನೇ ಹೇಳುವನು.

ಶತ್ರುವನ್ನು ತಡೆದದ್ದಷ್ಟೇ ಹೆಬ್ಬಾಗಿಲಿನ ಕೆಲಸವಲ್ಲ. ಶಾಂತಿಕಾಲದಲ್ಲಿ ಅದು ಸುಂಕದ ಕಟ್ಟೆ. ಅಚ್ಯುತರಾಯನ ಕಾಲದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನು ಕೊಡುವ ಲೆಕ್ಕ ಕುತೂಹಲಕರವಾಗಿದೆ. ಸರಕು ಬರುವ ಬಾಗಿಲನ್ನು ವರ್ಷಕ್ಕೆ 12,000 ಪರ್ದಾವ್‌ಗಳಿಗೆ ಗುತ್ತಿಗೆ ಕೊಡುತ್ತಿದ್ದರು. ಪರ್ದಾವ್ ಎಂಬುದು ನಮ್ಮ ವರಹಕ್ಕೆ ಆ ಜನರಿಟ್ಟ ಹೆಸರು. ದಿನಕ್ಕೆ 2,000 ಹೇರೆತ್ತುಗಳು ಒಳಗೆ ಬರುತ್ತಿದ್ದುವು. ನಾಡವನಾಗಲಿ ಪರದೇಶಿಯಾಗಲಿ, ಗುತ್ತಿಗೆದಾರನು ಕೇಳಿದಷ್ಟನ್ನು ತೆರದೆ ಒಳಗೆ ಬರುವಂತಿರಲಿಲ್ಲ. ಕೊಂಬಿಲ್ಲದ ಬೋಳೆತ್ತಿಗೆ ಮಾತ್ರ ರಾಜ್ಯದಲ್ಲೆಲ್ಲಿಯೂ ಸುಂಕವಿಲ್ಲ! ನಗರದ ವೈಭವವನ್ನು ವರ್ಣಿಸುವಾಗ ರತ್ನದ ಅಂಗಡಿಗಳನ್ನು ನೆನೆಯುವ ನಾವು, ಆ ನಗರಕ್ಕೆ ಅನ್ನವನ್ನು ಹೊತ್ತು ತಂದ ಈ ಎತ್ತುಗಳನ್ನೂ ಅವುಗಳ ಹಿಂದೆ ನಡೆದ ಹಳ್ಳಿಗರನ್ನೂ ನೆನೆಯುವುದು ನ್ಯಾಯ.

ಇನ್ನು ಮರ್ಯಾದೆಯ ಮಾತು. 1406ರಲ್ಲಿ ಬಹಮನಿ ಸುಲ್ತಾನ ಫಿರೋಜ್ ಶಹನು ಒಂದನೆಯ ದೇವರಾಯನ ಮೇಲೆ ದಂಡೆತ್ತಿ ಬಂದನು. ಇದನ್ನು ವಿವರಿಸುವ ಫೆರಿಸ್ತನು ಎರಡು ಶತಮಾನಗಳ ತರುವಾಯ ಬರೆದವನು, ಸುಲ್ತಾನರ ಪಕ್ಷದವನು. ಆದುದರಿಂದ ಅವನ ಮಾತನ್ನು ಎಚ್ಚರದಿಂದ ಓದಬೇಕು. ಸುಲ್ತಾನನ ಪಡೆ ಊರಿನ ಕೆಲವು ಬೀದಿಗಳಿಗೆ ನುಗ್ಗಿದರೂ ಹಿಂದಕ್ಕೆ ಸರಿಯಬೇಕಾಯಿತೆಂದು ಅವನೇ ಒಪ್ಪುವನು. ರಾಜಧಾನಿ ಉಳಿಯಿತು. ಆದರೆ ಅದೇ ಸಮಯದಲ್ಲಿ ಸುಲ್ತಾನನ ಸೇನೆಯ ಇನ್ನೊಂದು ಭಾಗ ಬಂಕಾಪುರವನ್ನು ಮುತ್ತಿ ಹಿಡಿದಿತ್ತು. ಕೊನೆಗೆ ಸಂಧಿಯಾದಾಗ ದೇವರಾಯನು ಮಗಳನ್ನು ಫಿರೋಜನಿಗೆ ಕೊಟ್ಟು, ಬಂಕಾಪುರವನ್ನು ಬಳುವಳಿಯಾಗಿ ಬಿಟ್ಟುಕೊಟ್ಟನಂತೆ. ಊರ ಬಾಗಿಲಿನಿಂದ ಅರಮನೆಯವರೆಗೆ ಜರತಾರಿ, ಮಖಮಲ್ಲುಗಳನ್ನು ಹಾಸಿ ಅಳಿಯನನ್ನು ಬರಮಾಡಿಕೊಂಡರಂತೆ. ಹಿಂದಿರುಗುವಾಗ ರಾಯನು ಪಾಳೆಯದವರೆಗೆ ಬಾರದೆ ನಡುದಾರಿಯಲ್ಲಿಯೇ ಬೀಳ್ಕೊಂಡನೆಂದು ಸುಲ್ತಾನನು ಕೆರಳಿದನಂತೆ. ಬಂಧುತ್ವದಿಂದ ವೈರ ಅಳಿಯಲಿಲ್ಲ.

ಕಥೆಯಲ್ಲಿ ಬಣ್ಣವೆಷ್ಟೇ ಇರಲಿ, ಅದರ ತಿರುಳು ಯೋಚಿಸತಕ್ಕದ್ದು. ಹಂಪೆಯ ಹೆಬ್ಬಾಗಿಲು ಮುರಿಯದೆ ಉಳಿದುದಕ್ಕೆ ಬೆಲೆ ತೆತ್ತದ್ದು ಹಂಪೆಯಲ್ಲ, ಬಂಕಾಪುರದ ಸೀಮೆ. ಮಖಮಲ್ಲಿನ ಮೇಲೆ ಕುದುರೆಗಳು ನಡೆದ ದಿನ, ಆ ಸೀಮೆಯ ಒಕ್ಕಲಿಗನು ತನ್ನನ್ನು ಕೇಳದೆಯೇ ಮತ್ತೊಬ್ಬ ದೊರೆಯ ಪ್ರಜೆಯಾದನು.

ಈ ಮಾತಿನ ಇನ್ನೊಂದು ಮುಖವು 1565ರಲ್ಲಿ ಪ್ರಕಟವಾಯಿತು. ಆ ವರ್ಷದ ಜನವರಿಯಲ್ಲಿ, ರಕ್ಕಸಗಿ ತಂಗಡಗಿಗಳ ಯುದ್ಧದಲ್ಲಿ ಅಳಿಯ ರಾಮರಾಯನು ಮಡಿದನು. ಆತನ ತಮ್ಮ ತಿರುಮಲನು ಸದಾಶಿವರಾಯನನ್ನೂ ಭಂಡಾರವನ್ನೂ ತೆಗೆದುಕೊಂಡು ಪೆನುಕೊಂಡೆಗೆ ಹೊರಟುಹೋದನು. ಸುತ್ತುಸುತ್ತಿನ ಕೋಟೆಯೂ ಕೊತ್ತಲಗಳೂ ತಿರುವಿನ ಬಾಗಿಲುಗಳೂ ಇದ್ದಂತೆಯೇ ಇದ್ದುವು. ಬಾಗಿಲು ಮುಚ್ಚಿ ನಿಲ್ಲುವ ಸೇನೆಯಿರಲಿಲ್ಲ. ಸುಮಾರು ಎರಡು ಶತಮಾನ ಕಟ್ಟಿದ ರಕ್ಷಣೆ ಪರೀಕ್ಷೆಗೇ ಒಳಗಾಗದೆ ನಿಷ್ಫಲವಾಯಿತು. ದೂರದ ಗಡಿಯಲ್ಲಿ ಸೋತ ರಾಜ್ಯವನ್ನು ರಾಜಧಾನಿಯ ಕದವು ಉಳಿಸಲಾರದು.

1986ರಲ್ಲಿ ಹಂಪೆಯ ಸ್ಮಾರಕಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ವಿಠ್ಠಲನ ಕಲ್ಲಿನ ರಥದ ಮುಂದೆ ಜನಸಂದಣಿ. ಭೀಮನ ಬಾಗಿಲಿನಲ್ಲಿ ಬಹುಮಟ್ಟಿಗೆ ಮೌನ. ಮರದ ಕದಗಳು ಎಂದೋ ಹೋದುವು, ಕಲ್ಲು ನಿಂತಿದೆ. ಹಂಪೆಗೆ ಹೋದವರು ಅರ್ಧ ಗಳಿಗೆ ಅಲ್ಲಿ ನಿಲ್ಲಬೇಕು. ಹಾವೇರಿಯ ಕಡೆಗೆ ಹೋದವರು ಬಂಕಾಪುರದ ಕೋಟೆಯನ್ನೂ ನೋಡಬೇಕು. ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟರೆ ವಿಜಯನಗರದ ಚರಿತ್ರೆಯನ್ನು ಅರ್ಧವೇ ಓದಿದಂತಾಗುವುದು.